ಸಚಿತ್ರ ಗ್ರೀಕ್ ನಾಟಕಗಳ ಹಳೆಯ ಪ್ರತಿಗಳು: ಕಾಲನಿರ್ಣಯದ ಕುರಿತು ಒಂದು ಟಿಪ್ಪಣಿ

೧. ಘೋಡಗೇರಿಯಂಥ ಊರಿನಿಂದ ಅಂಚೆಯಲ್ಲಿ ಹಳೆ ಪುಸ್ತಕ ತರಿಸುವವರಿಗೆ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡುವ ಅನುಕೂಲವಿಲ್ಲ. ಮಾರಾಟಗಾರರ ಪಟ್ಟಿಯಲ್ಲಿ ಬಹುಮಟ್ಟಿಗೆ ಒಂದೇ ಇಸವಿ ಇರುತ್ತದೆ. ಆದರೆ ಸಚಿತ್ರ ನಾಟಕದ ಪ್ರತಿಗೆ ಕನಿಷ್ಠ ನಾಲ್ಕು ಕಾಲಗಳುಂಟು: ಮೂಲಕೃತಿಯದು, ಅನುವಾದದ್ದು, ಚಿತ್ರದ್ದು, ಮುದ್ರಣದ್ದು.

೨. ಅರಿಸ್ಟೊಫೇನಿಸನ 'ಲಿಸಿಸ್ಟ್ರಾಟ' (ಕ್ರಿ.ಪೂ. 411) ಇದಕ್ಕೆ ಸ್ಪಷ್ಟ ನಿದರ್ಶನ. ನ್ಯೂಯಾರ್ಕಿನ ಲಿಮಿಟೆಡ್ ಎಡಿಶನ್ಸ್ ಕ್ಲಬ್ 1934ರಲ್ಲಿ ಗಿಲ್ಬರ್ಟ್ ಸೆಲ್ಡಿಸ್ ಅವರ ರೂಪಾಂತರವನ್ನು ಪಿಕಾಸೊ ಚಿತ್ರಗಳೊಂದಿಗೆ ಹೊರತಂದಿತು. ಪ್ರತಿಗಳು 1,500; ಅವುಗಳಿಗೆ ಕಲಾವಿದನ ಸಹಿಯಿದೆ. ಎಚ್ಚಿಂಗ್‌ಗಳು ಆರು ಮಾತ್ರ. ಉಳಿದ 34 ರೇಖಾಚಿತ್ರಗಳು ಯಾಂತ್ರಿಕ ಪ್ರತಿಕೃತಿಗಳು. ಎಚ್ಚಿಂಗ್ ಹಾಳೆಯಲ್ಲಿ ಚಿತ್ರದ ಸುತ್ತ ಲೋಹದ ಫಲಕ ಒತ್ತಿದ ತಗ್ಗು ಕಾಣಬೇಕು. ಬೆಳಕನ್ನು ಒಂದು ಬದಿಯಿಂದ ಬೀಳಿಸಿ ತೆಗೆದ ಫೋಟೊದಲ್ಲಿ ಅದರ ಅಂಚು ನೆರಳಾಗಿ ತೋರುವುದುಂಟು. ನೇರ ಬೆಳಕಿನ ಫೋಟೊದಿಂದ ಏನನ್ನೂ ತೀರ್ಮಾನಿಸಲಾಗದು. ಸಹಿ ಮತ್ತು ಪ್ರತಿಸಂಖ್ಯೆಗಳಿರುವ ಕೊನೆಯ ಪುಟದ ಫೋಟೊವನ್ನೂ ಕೇಳಿ ಪಡೆಯುವುದು ಲೇಸು.

ಅದೇ ನಾಟಕಕ್ಕೆ ಬಿಯರ್ಡ್ಸ್‌ಲಿ ಬರೆದ ಎಂಟು ಚಿತ್ರಗಳನ್ನು ಲಿಯೊನಾರ್ಡ್ ಸ್ಮಿದರ್ಸ್ 1896ರಲ್ಲಿ 100 ಪ್ರತಿಗಳಲ್ಲಿ ಖಾಸಗಿಯಾಗಿ ಪ್ರಕಟಿಸಿದ್ದ. ಮರುಮುದ್ರಣಗಳು ಅನೇಕ, ಆದ್ದರಿಂದ ಪಟ್ಟಿಯಲ್ಲಿ '1896' ಎಂದಿದ್ದರೆ ಅದು ಚಿತ್ರಗಳ ಮೊದಲ ಪ್ರಕಟಣೆಯ ಇಸವಿಯಷ್ಟೇ ಆಗಿರುವ ಸಂಭವ ಹೆಚ್ಚು.

೩. ಫ್ಲಾಕ್ಸ್‌ಮನ್ನನ ಈಸ್ಕಿಲಸ್ ರೇಖಾಚಿತ್ರಗಳ ತೊಡಕು ಬೇರೆ ಬಗೆಯದು. ಪಿರೋಲಿ ಕೆತ್ತಿದ ಫಲಕಗಳಿಂದ ಅವು 1795ರಲ್ಲಿ ಪ್ರಕಟವಾದವು. ಮುಂದಿನ ಶತಮಾನದಲ್ಲಿ ಬೇರೆ ಬೇರೆ ಪುಸ್ತಕಗಳಲ್ಲಿ ಸೇರಿದವು. ಆಲ್ಫ್ರೆಡ್ ಚರ್ಚ್ ಅವರ ಗ್ರೀಕ್ ದುರಂತ ನಾಟಕಗಳ ಕಥಾಸಂಗ್ರಹ (1880ರ ಆಸುಪಾಸು) ಅಂಥದ್ದೊಂದು. ಅದು ಗದ್ಯಕಥೆಗಳ ಪುಸ್ತಕ, ನಾಟಕಪಾಠವಲ್ಲ. ಸಚಿತ್ರ ನಾಟಕವೆಂದು ಅದನ್ನು ಕೊಂಡವರಿಗೆ ಸಂಭಾಷಣೆಯೂ ಸಿಗದು, ಮೇಳಗೀತವೂ ಸಿಗದು.

೪. ಇಂಥ ಚಿತ್ರಗಳನ್ನು ರಂಗಸಾಕ್ಷ್ಯವೆಂದು ಬಳಸುವುದು ಅಪಾಯಕರ. ನೇಪಲ್ಸಿನಲ್ಲಿರುವ ಪ್ರೊನೊಮೋಸ್ ಕಲಶ (ಸುಮಾರು ಕ್ರಿ.ಪೂ. 400) ನಟರನ್ನೂ ಮೇಳದವರನ್ನೂ ಮುಖವಾಡಗಳ ಸಮೇತ ತೋರಿಸುತ್ತದೆ, ಫ್ಲಾಕ್ಸ್‌ಮನ್ ಚಿತ್ರಿಸಿದ್ದು ಕಥೆಯನ್ನು, ಪ್ರಯೋಗವನ್ನಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ 'ಶ್ರೀಕೃಷ್ಣ ಪಾರಿಜಾತ' ಬಯಲಾಟವನ್ನು ಕಂಡ ಘೋಡಗೇರಿ ಭಾಗದ ಓದುಗರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ: ಕೃಷ್ಣ–ಸತ್ಯಭಾಮೆಯರ ಪಟ ನೋಡಿದವರಿಗೆ ಭಾಗವತ ಎಲ್ಲಿ ನಿಲ್ಲುತ್ತಾನೆ, ಹಿಮ್ಮೇಳ ಯಾವಾಗ ಪಲ್ಲವಿ ಎತ್ತಿಕೊಳ್ಳುತ್ತದೆ ಎಂಬುದು ತಿಳಿಯದು. ಹೋಲಿಕೆ ಇಷ್ಟಕ್ಕೇ ಸೀಮಿತ. ಎರಡು ರಂಗಪರಂಪರೆಗಳ ನಡುವೆ ಸಂಬಂಧವಿತ್ತೆಂದು ಇಲ್ಲಿ ಸೂಚಿಸುತ್ತಿಲ್ಲ.

೫. ಕನ್ನಡ ಪಠ್ಯಗಳ ಜೊತೆಗಿಡಲು ಕೊಳ್ಳುವವರಿಗೆ: ಬಿ. ಎಂ. ಶ್ರೀಕಂಠಯ್ಯನವರ 'ಪಾರಸಿಕರು' (1935) ಈಸ್ಕಿಲಸನ ಕ್ರಿ.ಪೂ. 472ರ ನಾಟಕದ ಅನುವಾದ. ಫ್ಲಾಕ್ಸ್‌ಮನ್ ಸಂಪುಟದಲ್ಲಿ ಆ ನಾಟಕದ ಚಿತ್ರಗಳೂ ಇರುವುದರಿಂದ ಎರಡನ್ನೂ ಎದುರುಬದುರು ಇಟ್ಟು ಓದಬಹುದು. ಅವರದೇ 'ಅಶ್ವತ್ಥಾಮನ್' (1929) ವಿಷಯದಲ್ಲಿ ಇದು ಸಾಧ್ಯವಿಲ್ಲ. ಸಾಫಕ್ಲಿಸನ 'ಅಯಾಸ್' ನಾಟಕದ ಬಂಧವನ್ನು ಅಲ್ಲಿ ಮಹಾಭಾರತದ ವಸ್ತುವಿಗೆ ಅಳವಡಿಸಿದೆ. ಗ್ರೀಕ್ ಚಿತ್ರಗಳಲ್ಲಿನ ವೇಷವಾಗಲಿ ಆಯುಧವಾಗಲಿ ಅದಕ್ಕೆ ಹೊಂದವು. ಸೂಚಿಯಲ್ಲಿ ಅದನ್ನು 'ಅನುವಾದ' ಎನ್ನದೆ 'ರೂಪಾಂತರ' ಎಂದೇ ನಮೂದಿಸಬೇಕು.