ಓಮದ ಹೆಸರು, ಓಮದ ಹೂವು

ನಮ್ಮಜ್ಜಿಯ ಮಸಾಲೆ ಡಬ್ಬಿಯಲ್ಲಿ ಓಮಕ್ಕೆ ಜಾಗವಿರಲಿಲ್ಲ. ಅದು ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಬಜೆ, ಜಾಯಿಕಾಯಿ, ಹಿಪ್ಪಲಿಗಳ ಜೊತೆ ಇರುತ್ತಿತ್ತು. ಕೋಡುಬಳೆ ಮಾಡುವ ದಿನ ಮಾತ್ರ ಅಡುಗೆಮನೆಗೆ ಬಂದು ಮತ್ತೆ ಗೂಡಿಗೆ ಮರಳುತ್ತಿತ್ತು. ಹೊಟ್ಟೆ ಉಬ್ಬರಿಸಿದರೆ ಒಂದು ಚಿಟಿಕೆ ಓಮಕ್ಕೆ ಎರಡು ಹರಳು ಉಪ್ಪು ಸೇರಿಸಿ ಅಗಿಯಬೇಕು. ಮೂಗು ಕಟ್ಟಿದರೆ ಹುರಿದ ಓಮವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಬೇಕು. ಬಾಣಂತಿಗೆ ಓಮದ ಕಷಾಯ. ಅಜ್ಜಿಯ ಪಾಲಿಗೆ ಅದು ಮೊದಲು ಮದ್ದು, ಆಮೇಲೆ ಮಸಾಲೆ.

ಸಂಶೋಧನೆಗೆಂದು ಹಳೆಯ ವೈದ್ಯಗ್ರಂಥಗಳನ್ನು ಓದತೊಡಗಿದಾಗ ಈ ಓಮ ನನ್ನನ್ನು ಮೊದಲು ಎಡವಿಸಿದ್ದು ಹೆಸರಿನಲ್ಲಿ. ಸಂಸ್ಕೃತದಲ್ಲಿ ಅದು ಯವಾನೀ. ಉತ್ತರ ಕರ್ನಾಟಕದವರು ಹೇಳುವ ‘ಅಜವಾನ’ ಇದೇ ಬಳಗದ ಮಾತು. ‘ಯವನ’ ಎಂದರೆ ಗ್ರೀಕ, ಹಾಗಾಗಿ ಓಮ ಯವನರ ನಾಡಿನಿಂದ ಬಂದದ್ದು ಎಂಬ ವಿವರಣೆ ಬಹಳ ಕಡೆ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ವ್ಯಾಕರಣಕಾರರು ಬೇರೆಯದನ್ನೇ ಹೇಳುತ್ತಾರೆ. ಪಾಣಿನಿಯ ಸೂತ್ರವೊಂದಕ್ಕೆ ವಾರ್ತಿಕ ಬರೆದ ಕಾತ್ಯಾಯನ ‘ಯವ’ದಿಂದ ಯವಾನೀ, ‘ಯವನ’ದಿಂದ ಯವನಾನೀ ಎಂದು ಎರಡನ್ನೂ ಬೇರ್ಪಡಿಸುತ್ತಾನೆ. ಯವನಾನೀ ಎಂದರೆ ಯವನರ ಲಿಪಿ. ಯವಾನೀ ಎಂದರೆ ಕೆಟ್ಟ ಜವೆ. ಆ ಯವಾನೀ ಓಮವೇ ಎಂದು ಖಚಿತವಾಗಿ ಹೇಳಲು ಬಾರದು. ಆದರೆ ಹೆಸರಿನ ಧ್ವನಿಯೊಂದನ್ನೇ ಹಿಡಿದು ಗಿಡಕ್ಕೆ ತವರೂರು ಹುಡುಕುವುದು ಎಷ್ಟು ಅಪಾಯ ಎಂಬುದಕ್ಕೆ ಇಷ್ಟು ಸಾಕು.

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಅಮರಕೋಶದಲ್ಲಿ ಅಜಮೋದಾ, ಯವಾನಿಕಾ ಎರಡೂ ಒಂದೇ ಸಾಲಿನ ಪರ್ಯಾಯ ಪದಗಳು. 16ನೇ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಇವನ್ನು ಬಿಡಿಸಿಡುತ್ತಾನೆ: ಯವಾನೀ ಬೇರೆ, ಅಜಮೋದಾ ಬೇರೆ. ಯವಾನಿಯನ್ನು ಅವನು ‘ದೀಪ್ಯಕ’ ಎಂದೂ ಕರೆಯುತ್ತಾನೆ, ಅಂದರೆ ಜಠರಾಗ್ನಿಯನ್ನು ಉರಿಸುವಂಥದ್ದು. ಮೂರನೆಯದೊಂದೂ ಇದೆ, ಪಾರಸೀಕ ಯವಾನೀ. ಗುಣದಲ್ಲಿ ಯವಾನಿಯಂತೆಯೇ, ಆದರೆ ಮದ ಏರಿಸುವಂಥದ್ದು ಎಂದು ಅವನು ಎಚ್ಚರಿಸುತ್ತಾನೆ. ಇಂದು ಅಂಗಡಿಯಲ್ಲಿ ಖುರಾಸಾನಿ ಅಜವಾನ ಎನ್ನುವುದು ಇದನ್ನೇ. ಹೆಸರಿನಲ್ಲಿ ಅಜವಾನ ಇದ್ದರೂ ಅದು ಓಮದ ಕುಲದ್ದಲ್ಲ, ದತ್ತೂರಿಯ ಕುಲದ್ದು. ಅಳತೆ ತಪ್ಪಿದರೆ ವಿಷ.

19ನೇ ಶತಮಾನದಲ್ಲಿ ಓಮದ ಕಥೆ ಗೂಡಿನಿಂದ ಹೊರಗೆ ಬರುತ್ತದೆ. ತಿರುವಾಂಕೂರಿನಲ್ಲಿ ವೈದ್ಯನಾಗಿದ್ದ ಎಡ್ವರ್ಡ್ ಜಾನ್ ವೇರಿಂಗ್ ಬಜಾರಿನ ಔಷಧಿಗಳ ಬಗ್ಗೆ ಪುಸ್ತಕ ಬರೆದ. ಅವನ ಸಂಪಾದಕತ್ವದಲ್ಲಿ 1868ರಲ್ಲಿ ಬಂದ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದಲ್ಲಿ ಓಮದ ಎಣ್ಣೆಗೂ ಓಮದ ನೀರಿಗೂ ಜಾಗ ಸಿಕ್ಕಿತು. ಬ್ರಿಟಿಷರು ಅದನ್ನು ‘ಓಮಮ್ ವಾಟರ್’ ಎಂದೇ ಕರೆದರು. ಹರಳೆಣ್ಣೆಯಂಥ ಔಷಧಿಯ ಕೆಟ್ಟ ರುಚಿ ಮುಚ್ಚಲು, ಹೊಟ್ಟೆನುಲಿತ ತಡೆಯಲು ಅದು ಒದಗಿತು.

ಓಮದ ಎಣ್ಣೆ ತಣ್ಣಗಾದಾಗ ಬಿಳಿ ಹರಳುಗಳು ಮೂಡುತ್ತವೆ. ಉಜ್ಜಯಿನಿಯ ಬಜಾರಿನಲ್ಲಿ ಇದನ್ನು ‘ಅಜವಾಯಿನ್ ಕಾ ಫೂಲ್’, ಅಂದರೆ ಓಮದ ಹೂವು ಎಂದು ಮಾರುತ್ತಿದ್ದರು. 1850ರ ದಶಕದಲ್ಲಿ ಸ್ಟೆನ್‌ಹೌಸ್ ಮತ್ತು ಹೇನ್ಸ್ ಎಂಬ ರಸಾಯನಶಾಸ್ತ್ರಜ್ಞರು ಈ ಹರಳು ಯುರೋಪಿನ ಥೈಮ್ ಗಿಡದ ಥೈಮಾಲ್ ಎಂದೇ ಗುರುತಿಸಿದರು. ಕ್ರಿಮಿನಾಶಕವಾಗಿ ಥೈಮಾಲ್‌ಗೆ ಬೇಡಿಕೆ ಬಂದ ಮೇಲೆ ಭಾರತದ ಓಮ ಮೂಟೆ ಮೂಟೆಯಾಗಿ ಜರ್ಮನಿಗೆ ಹೋಯಿತು. ಹರಳು ತೆಗೆಯುವ ಕೆಲಸ ಅಲ್ಲಿ ನಡೆಯಿತು. 1914ರಲ್ಲಿ ಯುದ್ಧ ಶುರುವಾದಾಗ ಈ ದಾರಿ ಮುಚ್ಚಿ, ಥೈಮಾಲ್ ಬೆಲೆ ಗಗನಕ್ಕೇರಿತು.

ಆ ಹೊತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ವಿರುದ್ಧ ದೊಡ್ಡ ಅಭಿಯಾನ ನಡೆದಿತ್ತು. 1909ರಲ್ಲಿ ಶುರುವಾದ ರಾಕ್‌ಫೆಲ್ಲರ್ ಸ್ಯಾನಿಟರಿ ಕಮಿಷನ್ ಬಳಸಿದ ಮುಖ್ಯ ಔಷಧ ಥೈಮಾಲ್. ಅದನ್ನು ನುಂಗಿದ ಮೇಲೆ ಭೇದಿಯ ಉಪ್ಪು ಕೊಡುತ್ತಿದ್ದರು. ಮದ್ಯ, ಎಣ್ಣೆ, ಜಿಡ್ಡು ಮುಟ್ಟಬಾರದೆಂಬ ಕಟ್ಟುನಿಟ್ಟಿತ್ತು. ಅವು ಥೈಮಾಲನ್ನು ಕರಗಿಸಿ ಮೈಗೆ ಹೀರಿಸುತ್ತವೆ, ಆಗ ಹುಳುವಿನ ಮದ್ದು ಮನುಷ್ಯನಿಗೇ ವಿಷವಾಗುತ್ತದೆ. ಇಡೀ ಕಾಳನ್ನು ಅಗಿಯುವುದು ಬೇರೆ, ಅದರ ಸಾರವನ್ನು ಗ್ರಾಂ ಲೆಕ್ಕದಲ್ಲಿ ನುಂಗುವುದು ಬೇರೆ. ಅಜ್ಜಿಯ ‘ಒಂದು ಚಿಟಿಕೆ’ಯಲ್ಲೂ ಒಂದು ಅಳತೆ ಇತ್ತು ಎಂದು ನನಗೆ ಹೊಳೆದದ್ದು ಇದನ್ನು ಓದುವಾಗ.

ಇಲ್ಲೂ ಓಮದ ಹೂವು ಸುಮ್ಮನೆ ಕೂರಲಿಲ್ಲ. ಅದನ್ನು ಪಚ್ಚಕರ್ಪೂರ, ಪುದೀನ ಹೂವಿನ ಜೊತೆ ಸೇರಿಸಿದರೆ ಮೂರು ಗಟ್ಟಿ ಹರಳುಗಳೂ ನೀರು ಹಾಕದೆಯೇ ದ್ರವವಾಗುತ್ತವೆ. ಅದೇ ಅಮೃತಧಾರೆ. 20ನೇ ಶತಮಾನದ ಆರಂಭದಲ್ಲಿ ಲಾಹೋರಿನ ವೈದ್ಯರೊಬ್ಬರು ಈ ಹೆಸರನ್ನು ಮನೆಮಾತಾಗಿಸಿದರು. ಮುಂದೆ ‘ಲಕ್ಷ್ಮಣಧಾರಾ’ ಎಂಬ ಹೆಸರಿನ ಮೇಲೆ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎರಡು ಹೆಸರು ಕೇಳಿದರೆ ಸಾಮಾನ್ಯ ಗಿರಾಕಿ ಮೋಸಹೋಗುವ ಸಂಭವವಿದೆ ಎಂದು ನ್ಯಾಯಾಲಯ 1962ರಲ್ಲಿ ಹೇಳಿತು. ವ್ಯಾಪಾರದ ಹೆಸರಿನ ಕಾನೂನು ಓದುವವರಿಗೆ ಇಂದಿಗೂ ಅದು ಪಾಠ.

ಹೆಸರಿಗಾಗಿ ಇಷ್ಟು ದೊಡ್ಡ ಜಗಳ ನಡೆದ ಔಷಧಿಯ ಹಿಂದೆ, ಹೆಸರೇ ದಾಖಲಾಗದ ಎಷ್ಟೋ ಹೆಂಗಸರ ತಿಳಿವಳಿಕೆ ಇದೆ. ವೇರಿಂಗ್‌ನ ಪುಸ್ತಕಕ್ಕೆ ಬಜಾರು ಗೊತ್ತಿತ್ತು, ಬಾಣಂತಿಯ ಕೋಣೆ ಅಷ್ಟಾಗಿ ಗೊತ್ತಿರಲಿಲ್ಲ. ಎಷ್ಟು ಹುರಿಯಬೇಕು, ಯಾರಿಗೆ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎನ್ನುವುದು ಬಾಯಿಂದ ಬಾಯಿಗೆ ಬಂದದ್ದು. ಬಾಯಿ ನಿಂತಲ್ಲಿ ಅದೂ ನಿಲ್ಲುತ್ತದೆ. ಅಜ್ಜಿ ಇದ್ದಾಗ ನಾನು ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಆಗ ನನಗೆ ಇತಿಹಾಸವೆಂದರೆ ಶಾಸನ, ತಾಳೆಗರಿ.

ಮೊನ್ನೆ ಗ್ರಂಧಿಗೆ ಅಂಗಡಿಯಲ್ಲಿ ಬೇಕೆಂದೇ ‘ಅಜಮೋದ ಕೊಡಿ’ ಎಂದೆ. ಅಂಗಡಿಯವರು ಓಮ ತೂಗಿದರು. ‘ಇದು ಓಮ ಅಲ್ವಾ?’ ಎಂದರೆ, ‘ಎರಡೂ ಒಂದೇ ಅಮ್ಮಾ’ ಎಂದರು. ಅಮರಸಿಂಹ ಅವರ ಕಡೆಗಿದ್ದಾನೆ, ಭಾವಮಿಶ್ರ ನನ್ನ ಕಡೆಗೆ. ನಾನು ವಾದಿಸಲಿಲ್ಲ. ಮನೆಗೆ ಬಂದು ಡಬ್ಬಿಗೆ ಸುರಿದು ಚೀಟಿ ಅಂಟಿಸುವಾಗ ಮಾತ್ರ ‘ಓಮ’ ಎಂದೇ ಬರೆದೆ.