ಅಯಾನಿನ ಕಲ್ಪನೆಯ ಚರಿತ್ರೆ ಮತ್ತು ಸಿಂಗಟಾಲೂರು ಸೀಮೆಯ ನೀರು

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ತುಂಗಭದ್ರೆಯ ಎಡದಂಡೆಯ ಮೇಲಿದೆ. ವೀರಭದ್ರನ ಕ್ಷೇತ್ರವೆಂದು ಪ್ರಸಿದ್ಧವಾದ ಈ ಊರಿನ ಹೆಸರು ಹಮ್ಮಿಗಿಯ ಬಳಿಯ ಏತ ನೀರಾವರಿ ಯೋಜನೆಗೂ ಸಂದಿದೆ. ಹೊಳೆಯಿಂದ ದೂರವಿರುವ ಗ್ರಾಮಗಳವರು ಮೊದಲು ಬಾವಿಗಳನ್ನೂ ಅನಂತರ ಕೊಳವೆಬಾವಿಗಳನ್ನೂ ನೆಚ್ಚಿಕೊಂಡರು. ಈ ತಾಲ್ಲೂಕಿನ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡು ಮಿತಿಮೀರಿರುವುದು ಕಂಡುಬಂದಿದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದೆಂದೂ, ಬೇರೆ ಆಕರವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ವಿಧಿಸುತ್ತದೆ. ತಿಳಿಯಾದ ನೀರಿನಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ವಸ್ತು ಅಡಗಿರುವುದು ಹೇಗೆ? ಕುದಿಸಿದರೂ ಅದು ಹೋಗದಿರುವುದೇಕೆ? ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಅಯಾನಿನ ಕಲ್ಪನೆ ಬೆಳೆದ ಬಗೆಯನ್ನು ನಾವು ಅರಿಯಬೇಕು.

‘ಅಯಾನು’ ಎಂಬ ಪದವನ್ನು 1834ರಲ್ಲಿ ಬಳಕೆಗೆ ತಂದವನು ಮೈಕೇಲ್ ಫ್ಯಾರಡೆ. ಸಂಚರಿಸುವಂಥದು ಎಂಬುದು ಅದರ ಗ್ರೀಕ್ ಮೂಲದ ಅರ್ಥ. ದ್ರಾವಣದಲ್ಲಿ ವಿದ್ಯುತ್ತು ಹರಿದಾಗ ಅಯಾನುಗಳು ಉಂಟಾಗುತ್ತವೆಂದು ಅಂದು ಭಾವಿಸಲಾಗಿತ್ತು. ಸ್ವೀಡನ್ನಿನ ಆರೇನಿಯಸ್ 1884ರ ತನ್ನ ಪ್ರಬಂಧದಲ್ಲಿ ಆರಂಭಿಸಿದ ವಿಚಾರವನ್ನು 1887ರಲ್ಲಿ ಸ್ಪಷ್ಟಗೊಳಿಸಿ, ಲವಣವು ನೀರಿನಲ್ಲಿ ಕರಗಿದೊಡನೆಯೇ ಅಯಾನುಗಳಾಗಿ ಬೇರ್ಪಡುತ್ತದೆಂದು ಪ್ರತಿಪಾದಿಸಿದನು. ಪರೀಕ್ಷಕರು ಅವನ ಪ್ರಬಂಧಕ್ಕೆ ಕೆಳದರ್ಜೆಯನ್ನಿತ್ತರು. 1903ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಸೋಡಿಯಂ ನೀರಿನಲ್ಲಿ ಉಗ್ರವಾಗಿ ವರ್ತಿಸುತ್ತದೆ, ಕ್ಲೋರೀನು ವಿಷಾನಿಲ. ಇವೆರಡೂ ಉಪ್ಪುನೀರಿನಲ್ಲಿ ಬೇರೆಬೇರೆಯಾಗಿ ಇರುವುದೆಂತು ಎಂಬುದು ಅಂದಿನ ಆಕ್ಷೇಪ. ಪರಮಾಣು ಬೇರೆ, ಅಯಾನು ಬೇರೆ ಎಂಬ ಭೇದವೇ ಅದಕ್ಕೆ ಸಮಾಧಾನ.

1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ಈ ಭೇದಕ್ಕೆ ಆಧಾರ ದೊರೆಯಿತು. 1913ರಲ್ಲಿ ಬ್ರ್ಯಾಗ್ ತಂದೆಮಕ್ಕಳ ಸಂಶೋಧನೆಯಿಂದ ಉಪ್ಪಿನ ಹರಳಿನ ರಚನೆ ತಿಳಿಯಿತು. 1916ರಲ್ಲಿ ಕೊಸ್ಸೆಲ್ ಅಯಾನಿಕ ಬಂಧವನ್ನು ವಿವರಿಸಿದನು. ಸೋಡಿಯಂ ಪರಮಾಣು ಹೊರಕವಚದ ಒಂದು ಎಲೆಕ್ಟ್ರಾನನ್ನು ತೊರೆದು ಧನ ಅಯಾನಾಗುತ್ತದೆ. ಕ್ಲೋರೀನು ಅದನ್ನು ಪಡೆದು ಋಣ ಅಯಾನಾಗುತ್ತದೆ. ವಿರುದ್ಧ ವಿದ್ಯುದಂಶಗಳ ಆಕರ್ಷಣೆಯೇ ಬಂಧ. ಇದು ಜೋಡಿಯೊಂದಕ್ಕೆ ಸೀಮಿತವಲ್ಲ. ಉಪ್ಪಿನ ಹರಳಿನಲ್ಲಿ ಪ್ರತಿಯೊಂದು ಅಯಾನನ್ನೂ ವಿರುದ್ಧ ಜಾತಿಯ ಆರು ಅಯಾನುಗಳು ಸುತ್ತುವರಿದಿರುತ್ತವೆ.

ಫ್ಲೋರೀನಿನ ವಿಷಯವೂ ಇದೇ. 1886ರಲ್ಲಿ ಮ್ವಾಸಾನ್ ಬೇರ್ಪಡಿಸಿದ ಈ ಅನಿಲ ಬಹು ಉಗ್ರವಾದುದು. ಅದರ ಪರಮಾಣುವಿನ ಹೊರಕವಚದಲ್ಲಿ ಏಳು ಎಲೆಕ್ಟ್ರಾನುಗಳಿವೆ. ಇನ್ನೊಂದು ದೊರೆತೊಡನೆ ಅದು ಸ್ಥಿರವಾದ ಫ್ಲೋರೈಡು ಅಯಾನಾಗಿ, ಬಣ್ಣವಿಲ್ಲದೆ ವಾಸನೆಯಿಲ್ಲದೆ ನೀರಿನಲ್ಲಿ ನಿಲ್ಲುತ್ತದೆ. ಗ್ರಾನೈಟು, ನೈಸ್ ಶಿಲೆಗಳ ಅಭ್ರಕ, ಅಪಟೈಟು ಮೊದಲಾದ ಖನಿಜಗಳಿಂದ ಅದು ಅಂತರ್ಜಲಕ್ಕೆ ಇಳಿದು ಬರುತ್ತದೆ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಅಯಾನು ಹಾರಿಹೋಗುವುದಿಲ್ಲ. ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಇಲ್ಲಿ ಕ್ಯಾಲ್ಸಿಯಂ ಅಯಾನಿನ ಪಾತ್ರ ವಿಚಾರಾರ್ಹವಾಗಿದೆ. ಎರಡು ಎಲೆಕ್ಟ್ರಾನುಗಳನ್ನು ತೊರೆದ ಕ್ಯಾಲ್ಸಿಯಂ ಎರಡು ಫ್ಲೋರೈಡುಗಳೊಡನೆ ಸೇರಿ, ನೀರಿನಲ್ಲಿ ಅತ್ಯಲ್ಪವಾಗಿ ಕರಗುವ ಲವಣವಾಗುತ್ತದೆ. ಆದುದರಿಂದ ಕ್ಯಾಲ್ಸಿಯಂ ಹೇರಳವಾಗಿರುವ ನೀರಿನಲ್ಲಿ ಫ್ಲೋರೈಡು ಬಹಳವಾಗಿ ಏರಲಾರದು. ಸೋಡಿಯಂ, ಬೈಕಾರ್ಬೊನೇಟುಗಳು ಪ್ರಬಲವಾದ ನೀರಿನಲ್ಲಾದರೋ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಹೊರಬಿದ್ದು, ಫ್ಲೋರೈಡಿಗೆ ತಡೆಯಿಲ್ಲದಾಗುತ್ತದೆ. ಸಾಬೂನು ಚೆನ್ನಾಗಿ ನೊರೆಯುವ ಮೆದುನೀರು ನಿರಪಾಯವೆಂದು ಬಗೆಯುವುದು ಇದರಿಂದಲೇ ತಪ್ಪಾಗುತ್ತದೆ.

ದೇಹದಲ್ಲಿಯೂ ಇದೇ ನಿಯಮ ನಡೆಯುತ್ತದೆ. ಹಲ್ಲು ಮೂಳೆಗಳ ಖನಿಜದಲ್ಲಿ ಹೈಡ್ರಾಕ್ಸೈಡು ಅಯಾನಿಗೆ ಒಂದು ಸ್ಥಾನವಿದೆ. ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಅದನ್ನು ಹೋಲುವ ಫ್ಲೋರೈಡು ಆ ಸ್ಥಾನವನ್ನು ಆಕ್ರಮಿಸುತ್ತದೆ. ಅಲ್ಪಪ್ರಮಾಣದಲ್ಲಿ ಇದು ಹಲ್ಲನ್ನು ಹುಳುಕಿನಿಂದ ಕಾಯುತ್ತದೆ. ಎಳವೆಯಲ್ಲಿ ಹೆಚ್ಚಾದರೆ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಅನೇಕ ವರ್ಷ ಮಿತಿಮೀರಿ ಸೇರಿದರೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಹಲ್ಲಿನ ಕಲೆಗೆ ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ಅಮೆರಿಕದ ಚರ್ಚಿಲ್ ತೋರಿಸಿಕೊಟ್ಟನು. 1937ರಲ್ಲಿ ಷಾರ್ಟ್ ಮತ್ತು ಸಂಗಡಿಗರು ಮದ್ರಾಸು ಪ್ರಾಂತದಲ್ಲಿ ಈ ರೋಗವನ್ನು ವರ್ಣಿಸಿದರು.

ಪಟಿಕ ಮತ್ತು ಸುಣ್ಣಗಳನ್ನು ಬಳಸುವ ನಲ್ಗೊಂಡ ವಿಧಾನವೂ ಸಂಸ್ಕರಿಸಿದ ಅಲ್ಯುಮಿನದ ಶೋಧಕಗಳೂ ಫ್ಲೋರೈಡನ್ನು ತಗ್ಗಿಸುತ್ತವೆ. ಆದರೆ ಇವುಗಳನ್ನು ದಿನವೂ ಜಾಗರೂಕತೆಯಿಂದ ನಡೆಸಬೇಕಾಗುತ್ತದೆ. ಹೊಳೆ ಹತ್ತಿರವಿರುವ ಸೀಮೆಗೆ ಶುದ್ಧೀಕರಿಸಿದ ಹೊಳೆಯ ನೀರೇ ಸರಳವಾದ ಪರಿಹಾರವೆಂದು ನಮಗೆ ತೋರುತ್ತದೆ. ನಮ್ಮ ತರಗತಿಗಳಲ್ಲಿ ಅಯಾನಿಕ ಬಂಧದ ಪಾಠ ಸಾಮಾನ್ಯವಾಗಿ ಅಡಿಗೆಯ ಉಪ್ಪಿನೊಡನೆ ಮುಗಿದುಹೋಗುತ್ತದೆ. ವಿದ್ಯಾರ್ಥಿಗಳು ತಂತಮ್ಮ ಊರಿನ ಬಾವಿಯ ನೀರನ್ನು ತಂದು ಅದರ ಕ್ಯಾಲ್ಸಿಯಂ, ಫ್ಲೋರೈಡುಗಳನ್ನು ಅಳೆಯುವಂತಾದರೆ ಪಾಠವೂ ಮನದಟ್ಟಾದೀತು, ಯಾವ ಬಾವಿಯ ನೀರನ್ನು ಮಕ್ಕಳಿಗೆ ಕುಡಿಸಬಾರದೆಂಬುದೂ ಊರಿಗೆ ತಿಳಿದೀತು.