ನರ ಪುನಶ್ಚೇತನ ಸೇವೆ: ಜಾಗತಿಕ ಲಭ್ಯತೆ

ಪಾರ್ಶ್ವವಾಯು, ತಲೆ ಅಥವಾ ಬೆನ್ನುಹುರಿಗೆ ಬಿದ್ದ ಪೆಟ್ಟು, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಸೆರೆಬ್ರಲ್ ಪಾಲ್ಸಿ ಮುಂತಾದವುಗಳಿಂದ ನಡೆ, ನುಡಿ, ನುಂಗುವ ಶಕ್ತಿ, ನೆನಪು ಕುಂದಿದವರನ್ನು ಮತ್ತೆ ದಿನನಿತ್ಯದ ಬದುಕಿಗೆ ಅಣಿಗೊಳಿಸುವುದೇ ನರ ಪುನಶ್ಚೇತನ. ಇದಕ್ಕೆ 'ಪುನರ್ವಸತಿ' ಎಂಬ ಪದವೂ ಬಳಕೆಯಲ್ಲಿದೆ. ಆದರೆ ಅದನ್ನು ಕೇಳಿದೊಡನೆ ಕನ್ನಡಿಗರಿಗೆ ಅಣೆಕಟ್ಟೆಯ ಹಿನ್ನೀರಿನಲ್ಲಿ ಮನೆಮಠ ಕಳೆದುಕೊಂಡವರೇ ನೆನಪಾಗುತ್ತಾರೆ.

2021ರ ಜಾಗತಿಕ ಅಂದಾಜಿನಂತೆ ಸುಮಾರು 340 ಕೋಟಿ ಜನರಿಗೆ, ಅಂದರೆ ಜನಸಂಖ್ಯೆಯ ಶೇ. 43ರಷ್ಟು ಮಂದಿಗೆ, ಒಂದಲ್ಲ ಒಂದು ನರಸಂಬಂಧಿ ತೊಂದರೆ ಇತ್ತು. ಇದರಿಂದಾಗುವ ಸಾವು ಮತ್ತು ಆರೋಗ್ಯನಷ್ಟದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳದು. ಅಂಥ ಅನೇಕ ದೇಶಗಳಲ್ಲಿ ಹತ್ತು ಲಕ್ಷ ಜನರಿಗೆ ಹತ್ತು ಮಂದಿ ನುರಿತ ಪುನಶ್ಚೇತನ ತಜ್ಞರೂ ಇಲ್ಲ.

ಈ ಕೊರತೆ ಯಂತ್ರಗಳದ್ದೆನ್ನುವುದಕ್ಕಿಂತ ಕೈಗಳದ್ದು ಎಂಬುದನ್ನು ಇತಿಹಾಸವೇ ತೋರಿಸುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ತುಂಡಾದವರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣು, ಮೂತ್ರದ ಸೋಂಕುಗಳಿಂದ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಆರಂಭಿಸಿದ ಘಟಕ ಹಗಲಿರುಳೆನ್ನದೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿತು. ಕೆಲಸ ಕಲಿಸಿತು, ಆಟ ಆಡಿಸಿತು. ಪ್ಯಾರಾಲಿಂಪಿಕ್ಸ್‌ನ ಬೇರು ಇರುವುದು ಅಲ್ಲೇ. ಭಾರತದಲ್ಲಿ ಈ ದಾರಿ ತೆರೆದವರು ವೆಲ್ಲೂರಿನ ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಈ ವೈದ್ಯೆ, ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಒಳರೋಗಿಗಳ ಪುನಶ್ಚೇತನ ಕೇಂದ್ರ ತೆರೆಯಿತು.

ಬಡ ದೇಶಕ್ಕೆ ಹೊಂದುವ ಮಾದರಿ ಬೇಕೆಂದರೆ ಬಾಂಗ್ಲಾದೇಶವನ್ನು ನೋಡಬೇಕು. ಬ್ರಿಟನ್ನಿನ ಫಿಸಿಯೋಥೆರಪಿಸ್ಟ್ ವ್ಯಾಲೆರಿ ಟೇಲರ್ 1979ರಲ್ಲಿ ಢಾಕಾದ ಆಸ್ಪತ್ರೆಯೊಂದರ ಪಾಳು ಗೋದಾಮಿನಲ್ಲಿ ನಾಲ್ವರು ರೋಗಿಗಳೊಂದಿಗೆ ಕಟ್ಟಿದ ಕೇಂದ್ರ ಇಂದು ಸಾವರ್‌ನಲ್ಲಿದೆ. ಆ ದೇಶದಲ್ಲಿ ಬೆನ್ನುಹುರಿಗೆ ಪೆಟ್ಟಾಗುವುದು ಹೆಚ್ಚಾಗಿ ಮರದಿಂದ ಬಿದ್ದು ಅಥವಾ ತಲೆಹೊರೆ ಹೊತ್ತು ಮುಗ್ಗರಿಸಿ. ಹೀಗೆ ಪೆಟ್ಟಾದ ದುಡಿಯುವ ಜನರಿಗಾಗಿ ಕೇಂದ್ರ ಗಾಲಿಕುರ್ಚಿಗಳನ್ನು ತಾನೇ ತಯಾರಿಸುತ್ತದೆ, ಥೆರಪಿಸ್ಟ್‌ಗಳನ್ನು ತಾನೇ ಓದಿಸುತ್ತದೆ. ಊರಿಗೆ ಮರಳುವ ಮುನ್ನ ಮನೆಯ ಬದುಕನ್ನು ರೂಢಿಮಾಡಿಕೊಳ್ಳಲು ರೋಗಿಗಳಿಗೆ ಪ್ರತ್ಯೇಕ ವಸತಿಯೂ ಇದೆ.

ತಜ್ಞರಿಲ್ಲದಿದ್ದರೆ ಮನೆಯವರಿಗೇ ಕಲಿಸಿದರಾಗದೇ? ಈ ಪ್ರಶ್ನೆಯನ್ನು ಭಾರತದಲ್ಲೇ ಒರೆಗೆ ಹಚ್ಚಲಾಯಿತು. ಅಟೆಂಡ್ ಎಂಬ ಅಧ್ಯಯನ 14 ಆಸ್ಪತ್ರೆಗಳ 1250 ಪಾರ್ಶ್ವವಾಯು ರೋಗಿಗಳನ್ನು ಎರಡು ಗುಂಪಾಗಿಸಿ, ಒಂದರಲ್ಲಿ ಮನೆಯ ಒಬ್ಬರಿಗೆ ತರಬೇತಿ ಕೊಟ್ಟಿತು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಒಂದೇ: ಶೇ. 47. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಇದರಿಂದ ಪುನಶ್ಚೇತನವೇ ವ್ಯರ್ಥ ಎನ್ನಲಾಗದು. ಸೊಸೆಯೋ ಮಗಳೋ ಅಡುಗೆ, ಕೂಲಿಯ ನಡುವೆ ತಂಡವೊಂದರ ಕೆಲಸವನ್ನು ತುಂಬಿಕೊಡಲಿ ಎಂಬ ಅಗ್ಗದ ನಿರೀಕ್ಷೆಗೆ ಮಾತ್ರ ಇದು ಪೆಟ್ಟು.

ನೀತಿಯ ಮಟ್ಟದಲ್ಲಿ ಮಾತು ಹಳೆಯದು. ಪ್ರಾಥಮಿಕ ಆರೋಗ್ಯ ಕುರಿತ 1978ರ ಆಲ್ಮಾ ಆಟಾ ಘೋಷಣೆಯೇ ಪುನಶ್ಚೇತನವನ್ನು ಅದರೊಳಗೆ ಸೇರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ 'ಪುನಶ್ಚೇತನ 2030' ಕರೆ ನೀಡಿತು. 2022ರಲ್ಲಿ ಅಪಸ್ಮಾರ ಮತ್ತಿತರ ನರರೋಗಗಳ ಜಾಗತಿಕ ಕ್ರಿಯಾಯೋಜನೆಗೆ, ಮರುವರ್ಷ ಪುನಶ್ಚೇತನ ಬಲಪಡಿಸುವ ನಿರ್ಣಯಕ್ಕೆ ವಿಶ್ವ ಆರೋಗ್ಯ ಸಭೆ ಒಪ್ಪಿಗೆ ಕೊಟ್ಟಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳನ್ನೂ ಅಂಗವೈಕಲ್ಯಗಳ ಪಟ್ಟಿಗೆ ತಂದಿತು.

ಲಭ್ಯತೆಗೆ ಭಾಷೆಯ ಮುಖವೂ ಇದೆ. ಪಾರ್ಶ್ವವಾಯುವಿನಿಂದ ಮಾತು ನಿಂತ ಕನ್ನಡಿಗನ ನುಡಿಯನ್ನು ಇಂಗ್ಲಿಷ್ ಪ್ರಶ್ನಾವಳಿಯಿಂದ ಅಳೆಯಲಾಗದು. ನಮ್ಮ ವಿಭಕ್ತಿ, ಕ್ರಿಯಾಪದಗಳ ಜೋಡಣೆಯೇ ಬೇರೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡದ ಪರೀಕ್ಷೆಗಳು ಸಿದ್ಧವಾಗಿವೆ.